ಅರ್ಧ ಸೆಂಟಿಮೀಟರ್ ಬಡ್ಡಿ

ಬ್ಯಾಂಕಿನಲ್ಲಿ ಆಯುಸ್ಸು ಸವೆಸಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ನಿವೃತ್ತಿಯಾದ ಮೇಲೂ ಅದು ವಾಸಿಯಾಗುವುದಿಲ್ಲ. ಎಲ್ಲಿಗೆ ಹೋದರೂ, ಏನು ನೋಡಿದರೂ, ಅಸಲೆಷ್ಟು ಬಡ್ಡಿಯೆಷ್ಟು ಎಂದು ಒಳಗೊಳಗೇ ಲೆಕ್ಕ ನಡೆಯುತ್ತಿರುತ್ತದೆ. ಮದುವೆಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವಾಗಲೂ ಬೀಗರ ಕಡೆಯವರ ಸಾಲದ ಕಂತು ನೆನಪಾಗುವ ಜನ ನಾವು. ಫಿನ್ಲೆಂಡಿನ ಔಲು ಪಟ್ಟಣದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ನನ್ನನ್ನೂ ನನ್ನ ಹೆಂಡತಿಯನ್ನೂ ಒಂದು ಪೈನ್ ಕಾಡಿಗೆ ಕರೆದುಕೊಂಡು ಹೋಗಿ, “ಮಾವ, ಕಾಲ ಕೆಳಗೆ ನೋಡಿ. ಇದು ವರ್ಷಕ್ಕೆ ಅರ್ಧ ಸೆಂಟಿಮೀಟರ್ ಬೆಳೆದರೆ ಹೆಚ್ಚು” ಎಂದಾಗ ನನಗೆ ಮೊದಲು ಹೊಳೆದದ್ದು ಪ್ರಕೃತಿಯ ಸೌಂದರ್ಯವಲ್ಲ, ಬಡ್ಡಿಯ ದರ.

ಕಾಡಿನ ನೆಲವೆಲ್ಲ ಬೆಳ್ಳಗಿತ್ತು. ಹಿಮ ಬೀಳಲು ಇನ್ನೂ ದಿನಗಳಿದ್ದ ಸೆಪ್ಟೆಂಬರ್ ಅದು. ನೆಟ್ಟಗೆ ನಿಂತ ಮರಗಳ ನಡುವೆ, ಮರಳುಮಣ್ಣಿನ ಮೇಲೆ, ಅಂಗೈಯಗಲದ ದುಂಡನೆಯ ಗುಪ್ಪೆಗಳು ಒಂದಕ್ಕೊಂದು ಒತ್ತಿಕೊಂಡು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದವು. ಮಂಡಿಯ ತಕರಾರನ್ನು ಲೆಕ್ಕಿಸದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಲೆಯಿಲ್ಲ, ಬೇರಂತೂ ಇಲ್ಲವೇ ಇಲ್ಲ. ನೂಲಿನಷ್ಟು ಸಣ್ಣ, ಒಳಗೆ ಟೊಳ್ಳಾದ ಕವಲುಗಳು. ಪ್ರತಿ ಕವಲಿನ ತುದಿಯೂ ನಾಲ್ಕೈದು ಕುಡಿಗಳಾಗಿ ಸೀಳಿ ಪುಟ್ಟ ನಕ್ಷತ್ರವಾಗಿತ್ತು. ಶಾಸ್ತ್ರದವರು ಇದನ್ನು ಕ್ಲಾಡೋನಿಯಾ ಸ್ಟೆಲ್ಲಾರಿಸ್ ಎನ್ನುತ್ತಾರೆ. ಪಕ್ಕದಲ್ಲೇ ಬೂದುಬಣ್ಣದ, ತುದಿಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿಕೊಂಡ ಇನ್ನೊಂದಿತ್ತು. ಅದು ಕ್ಲಾಡೋನಿಯಾ ರೇಂಜಿಫೆರಿನಾ. ಕೊಳೆತ ಮರದ ಬುಡದಲ್ಲಿ ತುದಿಗೊಂದು ಕಡುಗೆಂಪು ಗುಂಡು ಹೊತ್ತ ಮೂರನೆಯ ದಾಯಾದಿ. ಸ್ಟೆಲ್ಲಾರಿಸ್ ವರ್ಷಕ್ಕೊಮ್ಮೆ ಕವಲೊಡೆಯುವುದರಿಂದ ಗಂಟುಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸಿದರೆ ವಯಸ್ಸು ತಿಳಿಯುತ್ತದಂತೆ. ಎಣಿಸುತ್ತ ಹೋದೆ. ಹದಿನಾರರ ಕೆಳಗೆ ಕವಲು ಕಪ್ಪಾಗಿ ಕೊಳೆತಿತ್ತು.

ಕೊಳೆಯುವುದೇ ಇದರ ಕ್ರಮ ಎಂದು ಆಮೇಲೆ ಗೊತ್ತಾಯಿತು. ಮೇಲೆ ಬೆಳೆದಷ್ಟೇ ಕೆಳಗೆ ಸಾಯುತ್ತ, ಪ್ರಾಯಕ್ಕೆ ಬಂದ ಹಾಸು ಹತ್ತು ಸೆಂಟಿಮೀಟರ್ ಆಸುಪಾಸಿನಲ್ಲೇ ದಶಕಗಳ ಕಾಲ ನಿಂತುಬಿಡುತ್ತದೆ. ಪ್ರತಿವರ್ಷದ ಬಡ್ಡಿ ಜಮೆಯಾಗುತ್ತದೆ, ಹಳೆಯ ಅಸಲು ಅಷ್ಟೇ ಪ್ರಮಾಣದಲ್ಲಿ ಮಣ್ಣುಪಾಲಾಗುತ್ತದೆ, ಶಿಲ್ಕು ಮಾತ್ರ ಕದಲುವುದಿಲ್ಲ. ಬುಡಮಟ್ಟ ಮೇಯ್ದರೆ ಅಥವಾ ಬೆಂಕಿ ಬಿದ್ದರೆ ಮತ್ತೆ ಮೊದಲಿನಂತಾಗಲು ಇಪ್ಪತ್ತು, ಮೂವತ್ತು, ಕೆಲವು ಕಡೆ ಇನ್ನೂ ಹೆಚ್ಚು ವರ್ಷ ಹಿಡಿಯುತ್ತದೆ. ಇಂಥದೊಂದು ಠೇವಣಿ ಯೋಜನೆಯನ್ನು ನಮ್ಮ ಶಾಖೆಯಲ್ಲಿ ಪ್ರಕಟಿಸಿದ್ದರೆ ಬೋರ್ಡು ಬರೆದವನ ಕೂಲಿಯೂ ಹುಟ್ಟುತ್ತಿರಲಿಲ್ಲ.

ನನ್ನ ಹೆಂಡತಿಗೆ ಬಡ್ಡಿಯ ಚಿಂತೆ ಇರಲಿಲ್ಲ. ಅವಳು ಒಂದು ಕುಡಿ ಮೂಸಿ ನೋಡಿ, “ರೀ, ಇದು ನಮ್ಮ ಕಲ್ಲುಹೂವಿನ ಜಾತಿ ಅಲ್ವೇ?” ಎಂದಳು. ಅವಳು ಹೇಳಿದ್ದು ಸರಿ. ಬಿಸಿಬೇಳೆಬಾತಿನ ಪುಡಿಗೆ, ಬಿರಿಯಾನಿಗೆ ನಾವು ಹುರಿದು ಹಾಕುವ ಆ ಕಪ್ಪು-ಬೂದು ಚೂರುಗಳು ಮರ-ಬಂಡೆಗಳ ಮೇಲೆ ಬೆಳೆಯುವ ಬೇರೆ ಪಂಗಡದವು, ಪಾರ್ಮೋಟ್ರೀಮಾ ಎಂಬ ಕುಲಕ್ಕೆ ಸೇರಿದವು. ಆದರೆ ಎರಡೂ ಲೈಕೆನ್‌ಗಳೇ. ಜಗತ್ತಿನಲ್ಲಿ ಇಂಥವು ಸುಮಾರು 20,000 ಬಗೆ. ಅವಳು ಹಾಗೆನ್ನುತ್ತಲೇ ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದಿದ್ದಳು. ಹುಡುಗ ಗಾಬರಿಯಾದ. “ಅತ್ತೆ, ಬ್ಲೂಬೆರಿ ಎಷ್ಟಾದ್ರೂ ಕೀಳಿ, ಅಣಬೆ ಕೀಳಿ, ಯಾರೂ ಕೇಳಲ್ಲ. ಇದನ್ನ ಮಾತ್ರ ಮುಟ್ಟಬೇಡಿ.” ಆ ದೇಶದಲ್ಲಿ ಯಾರ ಕಾಡಿಗೆ ಬೇಕಾದರೂ ನುಗ್ಗಿ ಹಣ್ಣು, ಅಣಬೆ ಆಯ್ದುಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಲೈಕೆನ್, ಹಾವಸೆ ಕೀಳಬೇಕಾದರೆ ಜಮೀನಿನ ಯಜಮಾನನ ಅನುಮತಿ ಬೇಕು. ಹಣ್ಣು ಮುಂದಿನ ವರ್ಷ ಮತ್ತೆ ಬರುತ್ತದೆ, ಇದು ಮೊಮ್ಮಗನ ಕಾಲಕ್ಕೆ ಬರುತ್ತದೆ ಎನ್ನುವುದನ್ನು ಕಾನೂನು ಬರೆದವರೂ ಅರಿತಿದ್ದರು. ಕವರ್ ಚೀಲಕ್ಕೆ ವಾಪಸ್ ಹೋಯಿತು.

ಲೈಕೆನ್ ಎಂದರೆ ಒಂದು ಜೀವಿಯಲ್ಲ, ಪಾಲುದಾರಿಕೆಯ ಸಂಸ್ಥೆ. ಶಿಲೀಂಧ್ರವೊಂದು ಹೊರಗಿನ ಗೋಡೆ-ಮಾಡು ಕಟ್ಟುತ್ತದೆ. ಒಳಗೆ ಹಸಿರು ಪಾಚಿಯ ಕೋಶಗಳು ಬಿಸಿಲು ಹಿಡಿದು ಸಕ್ಕರೆ ತಯಾರಿಸುತ್ತವೆ. ಇದನ್ನು 1867ರಲ್ಲಿ ಮೊದಲು ಸಾರಿದವನು ಸೈಮನ್ ಶ್ವೆಂಡೆನರ್ ಎಂಬ ಸ್ವಿಸ್ ಸಸ್ಯವಿಜ್ಞಾನಿ. ಅವನ ವರ್ಣನೆಯಲ್ಲಿ ಶಿಲೀಂಧ್ರ ಯಜಮಾನ, ಪಾಚಿಗಳು ಗುಲಾಮರು. ಲೈಕೆನ್ ಪಂಡಿತರು ಸಿಡಿದೆದ್ದರು. ಜೀವಮಾನವಿಡೀ ತಾವು ಪೂಜಿಸಿದ ದೇವರು ಕೂಡುಕುಟುಂಬ ಎಂದರೆ ಯಾರಿಗೆ ಸಹನೆಯಾದೀತು? ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ವಿಲಿಯಂ ನೈಲಾಂಡರ್. ಹುಟ್ಟಿದ್ದು 1822ರಲ್ಲಿ, ನಮ್ಮ ಹುಡುಗನ ಇದೇ ಔಲುವಿನಲ್ಲಿ. ಆ ಕಾಲಕ್ಕೆ ಲೈಕೆನ್ ವಿಷಯದಲ್ಲಿ ಅವನ ಮಾತೇ ಕೊನೆ. ಔಷಧಿಯಂಗಡಿಯ ರಾಸಾಯನಿಕದ ಒಂದು ತೊಟ್ಟು ಹಾಕಿ, ಬದಲಾಗುವ ಬಣ್ಣ ನೋಡಿ ಜಾತಿ ಹೇಳುವ ಪದ್ಧತಿ ತಂದವನು ಅವನೇ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳ ಲೈಕೆನ್ ನೋಡಿ, ಊರ ಗಾಳಿ ಕೆಟ್ಟಿದೆಯೋ ಚೆನ್ನಾಗಿದೆಯೋ ಎಂದು ಹೇಳಬಹುದೆಂದು 1866ರಲ್ಲೇ ಬರೆದವನೂ ಅವನೇ. ಆದರೆ ಪಾಲುದಾರಿಕೆಯ ಮಾತನ್ನು ಮಾತ್ರ 1899ರಲ್ಲಿ ಸಾಯುವವರೆಗೂ ಒಪ್ಪಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ಲೆ ಮತ್ತು ಸಂಗಡಿಗರು ಹಲವು ಲೈಕೆನ್‌ಗಳ ತೊಗಟೆಯಲ್ಲಿ ಮೂರನೆಯ ಪಾಲುದಾರ ಯೀಸ್ಟನ್ನೂ ಕಂಡರು. ನೈಲಾಂಡರ್ ಬದುಕಿಲ್ಲದ್ದು ಒಳ್ಳೆಯದೇ ಆಯಿತು.

ನಾನು ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ: ಆಹಾರ ತಯಾರಿಸುವುದು ಪಾಚಿ, ತಿನ್ನುವುದು ಶಿಲೀಂಧ್ರ, ಶಾಸ್ತ್ರದ ನಿಯಮದಂತೆ ಇಡೀ ಸಂಸ್ಥೆಗೆ ಹೆಸರೂ ಶಿಲೀಂಧ್ರದ್ದೇ. “ಇದರಲ್ಲಿ ಹೊಸದೇನಿದೆ?” ಎಂದಳು.

ಬೇರಿಲ್ಲದ ಜೀವಿ ಬದುಕುವುದು ಹೇಗೆ? ಕೊಟ್ಟದ್ದನ್ನು ತೆಗೆದುಕೊಂಡು. ಮಳೆ, ಇಬ್ಬನಿ, ಮಂಜು, ಗಾಳಿಯ ದೂಳು, ಇಷ್ಟೇ ಆದಾಯ. ನೀರು ಬಂದಾಗ ಮೈತುಂಬ ಹೀರಿಕೊಳ್ಳುತ್ತದೆ, ಹೋದಾಗ ತಡೆಯುವುದಿಲ್ಲ. ಒಣಗಿದ ದಿನ ಕಾಲಿಟ್ಟರೆ ಚುರುಚುರು ಪುಡಿಯಾಗುತ್ತದೆ. ನಾವು ಹೋದ ದಿನ ಹಾಗೇ ಇತ್ತು, ಪ್ರತಿ ಹೆಜ್ಜೆಗೂ ಯಾರದೋ ಹತ್ತು ವರ್ಷದ ಉಳಿತಾಯ ಮುರಿಯುತ್ತಿದ್ದೇನೆ ಎಂಬ ಅಳುಕು. ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋದರೆ ಅದೇ ಹಾಸು ಮೆತ್ತಗೆ ಕುಣಿಯುತ್ತಿತ್ತು, ಸದ್ದೇ ಇಲ್ಲ. ಒಣಗಿದ್ದಾಗ ಅದರ ಜೀವವ್ಯಾಪಾರವೆಲ್ಲ ಬಂದ್; ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಒಳಗಿನ ಪಾಚಿ ಮತ್ತೆ ಕೆಲಸ ಶುರುಮಾಡುತ್ತದೆ. ಬಿಸಿಲಿನ ದಿನ ನೀರಿಲ್ಲ, ಚಳಿಗಾಲದಲ್ಲಿ ಬೆಳಕಿಲ್ಲ. ಎರಡೂ ಕೂಡಿಬಂದ ಅಲ್ಪ ಗಂಟೆಗಳೇ ಅದರ ಕಚೇರಿ ವೇಳೆ. ಉಳಿದಂತೆ ನಿದ್ದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ನನ್ನ ನಿದ್ದೆಯನ್ನು ಆಲಸ್ಯ ಎನ್ನುವವರಿಗೆ ತೋರಿಸಲು ನನಗೀಗ ಒಂದು ಶಾಸ್ತ್ರೀಯ ಆಧಾರ ಸಿಕ್ಕಿದೆ.

ಹೀಗೆ ಅರೆಹೊಟ್ಟೆ ಅರೆನಿದ್ದೆಯಲ್ಲಿ ಕೂಡಿಟ್ಟದ್ದರ ಮೇಲೆ ಉತ್ತರದ ದೊಡ್ಡ ಸಂಸಾರವೊಂದು ನಡೆಯುತ್ತದೆ. ಹಿಮಸಾರಂಗಗಳಿಗೆ ಬೇಸಿಗೆಯಲ್ಲಿ ಎಲೆ, ಹುಲ್ಲು, ಅಣಬೆ ಬೇಕಾದಷ್ಟು. ಚಳಿಗಾಲದಲ್ಲಿ ಎಲ್ಲ ಹೂತುಹೋದಾಗ ಅವು ಹಿಮದ ಮೇಲೆ ಮೂತಿಯಿಟ್ಟು ಮೂಸಿ, ಕೆಳಗಿರುವ ಲೈಕೆನ್ನಿನ ವಾಸನೆ ಹಿಡಿದು, ಮುಂಗಾಲಿನ ಗೊರಸಿನಿಂದ ಗುಂಡಿ ತೋಡುತ್ತವೆ. ತೋಡಿದ ಗುಂಡಿಗೆ ಕಳ್ಳರೂ ಇರುತ್ತಾರೆ. ಅದಕ್ಕೇ ಹೆಣ್ಣುಗಳಿಗೆ ಚಳಿಗಾಲವಿಡೀ ಕೊಂಬಿರುತ್ತದೆ. ಗಂಡುಗಳ ಕೊಂಬು ಬೆದೆಯ ಕಾಲ ಮುಗಿದ ಮೇಲೆ ಉದುರುತ್ತದೆ. ಕ್ರಿಸ್ಮಸ್ ಕಾರ್ಡಿನಲ್ಲಿ ಸಾಂತಾ ಕ್ಲಾಸನ ಬಂಡಿ ಎಳೆಯುವ ಕೊಂಬಿನ ಪ್ರಾಣಿಗಳು ಹೆಣ್ಣುಗಳಿರಬೇಕು, ಇಲ್ಲವೇ ಬೀಜ ಒಡೆಸಿದ ಗಂಡುಗಳಿರಬೇಕು. ಲೈಕೆನ್ ಒಳ್ಳೆಯ ಊಟವೇನಲ್ಲ. ಪಿಷ್ಟದ ಅಂಶ ಸಾಕಷ್ಟಿದೆ, ಪ್ರೋಟೀನ್ ಅತ್ಯಲ್ಪ. ಅದನ್ನೇ ತಿಂದುಕೊಂಡಿದ್ದರೆ ಪ್ರಾಣಿ ಬಡಕಲಾಗುತ್ತದೆ, ಆದರೆ ವಸಂತದವರೆಗೆ ಜೀವ ಹಿಡಿದಿರುತ್ತದೆ. ಅದರ ಮೇಲೆ ಉಸ್ನಿಕ್ ಆಮ್ಲವೆಂಬ ವಿಷ ಬೇರೆ. 2004ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ನೆಲದ ಲೈಕೆನ್ ಮೇಯ್ದ ನೂರಾರು ಎಲ್ಕ್ ಜಿಂಕೆಗಳು ಕಾಲು ಸೋತು ಬಿದ್ದು ಸತ್ತವು. ಹಿಮಸಾರಂಗದ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾತ್ರ ಆ ಆಮ್ಲವನ್ನು ಗುರುತೇ ಸಿಗದಂತೆ ಒಡೆದುಹಾಕುತ್ತವೆ.

ಮನುಷ್ಯರೂ ತಿಂದಿದ್ದಾರೆ. ಐಸ್ಲೆಂಡಿನಲ್ಲಿ ಸೆಟ್ರೇರಿಯಾ ಎಂಬ ಕಂದು ಲೈಕೆನ್ನನ್ನು ಹಾಲಿನಲ್ಲಿ ಕುದಿಸಿ, ರೊಟ್ಟಿಗೆ ಬೆರೆಸಿ ತಲೆತಲಾಂತರ ಉಂಡರು. ಅದನ್ನು ಕೀಳಲು ಬೆಟ್ಟಕ್ಕೆ ಹೋಗುವುದೇ ಒಂದು ಸಂಭ್ರಮ. ಯೋನಾಸ್ ಹಾಲ್‌ಗ್ರಿಮ್ಸನ್ ಬರೆದ, ಆ ಭಾಷೆಯ ಮೊದಲ ಆಧುನಿಕ ಸಣ್ಣಕತೆ ಎನಿಸಿಕೊಂಡ ‘ಗ್ರಾಸಾಫೆರ್ಡ್’ ಇಬ್ಬರು ಮಕ್ಕಳು ಅದನ್ನು ಕೀಳಲು ಹೊರಟ ಕತೆಯೇ. ಕೆನಡಾದ ಉತ್ತರದಲ್ಲಿ 1821ರಲ್ಲಿ ದಾರಿಗೆಟ್ಟ ಜಾನ್ ಫ್ರಾಂಕ್ಲಿನ್‌ನ ತಂಡ ಬಂಡೆಯ ಲೈಕೆನ್ ಕೆರೆದು ಬೇಯಿಸಿ ತಿಂದಿತು. ಅದು ಒಗ್ಗದೆ ಬೂಟಿನ ಚರ್ಮವನ್ನೂ ತಿಂದಿತು. ಸ್ವೀಡನ್ನಿನವರು ಇನ್ನೂ ಚತುರರು. 1860ರ ದಶಕದ ಕೊನೆಯಲ್ಲಿ ಸ್ಟೆನ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಲೈಕೆನ್ನಿನ ಪಿಷ್ಟವನ್ನು ಆಮ್ಲದಲ್ಲಿ ಕುದಿಸಿ ಸಕ್ಕರೆ ಮಾಡಿ, ಹುಳಿಬರಿಸಿ, ಭಟ್ಟಿ ಇಳಿಸುವ ದಾರಿ ತೋರಿದ. ಬೆಟ್ಟದ ಮೇಲೆ ಬಿಟ್ಟಿ ಬಿದ್ದಿರುವುದರಿಂದ ಸಾರಾಯಿ! ಕಾರ್ಖಾನೆಗಳೆದ್ದವು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಲೈಕೆನ್ ಖಾಲಿಯಾಗಿ ಭಟ್ಟಿಗಳು ಮುಚ್ಚಿದವು. ಮೂವತ್ತು ವರ್ಷದ ಬೆಳೆಯನ್ನು ಒಂದು ಗುಟುಕಿನಲ್ಲಿ ಕುಡಿಯುವ ವ್ಯಾಪಾರ ಎಷ್ಟು ದಿನ ನಡೆದೀತು?

ಔಲುವಿನ ಎದುರಿಗಿರುವ ಹೈಲುಒಟೊ ದ್ವೀಪದವರು ಇದಕ್ಕಿಂತ ಸಾವಧಾನಿಗಳು. ಅವರು ಸ್ಟೆಲ್ಲಾರಿಸ್ ಗುಪ್ಪೆಗಳನ್ನು ಜರ್ಮನಿಗೆ ಕಳಿಸುತ್ತ ಬಂದಿದ್ದಾರೆ. ಅಲ್ಲಿ ಅವು ಹೂಮಾಲೆಗಳಿಗೆ, ಸಮಾಧಿಯ ಮೇಲಿಡುವ ಹಾರಗಳಿಗೆ ಸೇರುತ್ತವೆ. ಒಣಗಿದ್ದಾಗ ಮುಟ್ಟಿದರೆ ಪುಡಿಯಾಗುವುದರಿಂದ ಕೀಳುವುದು ಮಳೆ ಬಿದ್ದ ಮೇಲೆಯೇ. ಕಸಕಡ್ಡಿ ಬಿಡಿಸಿ, ಗುಪ್ಪೆಯ ಕೊಳೆತ ಬುಡ ಚಿವುಟಿ, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಆಟದ ರೈಲಿನ ಪಕ್ಕ ನಿಲ್ಲಿಸುವ ಪುಟಾಣಿ ಮರಗಳಾಗಿಯೂ ಇವು ಬಣ್ಣ ಬಳಿಸಿಕೊಂಡು ಮಾರಾಟವಾಗುತ್ತವೆ. ಹಿಮಸಾರಂಗದ ಹೊಟ್ಟೆ ಸೇರಬೇಕಾದದ್ದು ಯಾವುದೋ ಮಗುವಿನ ಆಟದ ಸ್ಟೇಷನ್ನಿನ ಅರಳಿಕಟ್ಟೆ ಸೇರುವುದೂ ಉಂಟು.

ಅಸಲಿಗೆ ಕೈಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪ ಸಾಕ್ಷಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕರಾವಳಿ ಕಾವಲುಪಡೆ ಅಲ್ಲೊಂದು ರೇಡಿಯೊ ಠಾಣೆ ಹಾಕಿತು. ಸಾಮಾನಿನ ಹಡಗು ಬಾರದಿದ್ದರೆ ಊಟಕ್ಕಿರಲಿ ಎಂದು 1944ರಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಜನ ಹೋದರು, ಪ್ರಾಣಿಗಳು ಉಳಿದವು. ದ್ವೀಪದಲ್ಲಿ ತೋಳವಿಲ್ಲ, ನೆಲದ ಮೇಲೆ ಯಾರೂ ಬಾಯಿಡದ ದಪ್ಪನೆಯ ಲೈಕೆನ್ ಹಾಸು. ಡೇವಿಡ್ ಕ್ಲೈನ್ ಎಂಬ ವಿಜ್ಞಾನಿ 1957ರಲ್ಲಿ ಹೋಗಿ ಎಣಿಸಿದಾಗ 1,350, 1963ರಲ್ಲಿ 6,000. ಆ ಹೊತ್ತಿಗೆ ಹಾಸು ಸವೆದುಹೋಗಿತ್ತು, ಪ್ರಾಣಿಗಳ ಮೈತೂಕ ಇಳಿದಿತ್ತು. ಮುಂದಿನ ಚಳಿಗಾಲ ಬಿರುಸಾಗಿ ಬಂತು. ಕ್ಲೈನ್ 1966ರಲ್ಲಿ ಮತ್ತೆ ಹೋದಾಗ ನೆಲದ ತುಂಬ ಮೂಳೆ. ಜೀವಂತ ಉಳಿದದ್ದು 42. ಅವುಗಳಲ್ಲಿ ಗಂಡು ಒಂದೇ ಒಂದು, ಅದರ ಕೊಂಬೂ ಸರಿಯಿಲ್ಲ. 1980ರ ದಶಕದ ಹೊತ್ತಿಗೆ ಅಲ್ಲಿ ಹಿಮಸಾರಂಗವೇ ಇರಲಿಲ್ಲ.

ಸ್ಕ್ಯಾಂಡಿನೇವಿಯಾದ ಉತ್ತರದಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಿಗೆ ಈ ಪಾಠ ಹೇಳಿಕೊಡಲು ವಿಜ್ಞಾನಿ ಬೇಕಿರಲಿಲ್ಲ. ಅವರ ಹಳೆಯ ಪದ್ಧತಿಯ ತಿರುಳೇ ಗೋಮಾಳ ಬದಲಿಸುವುದು: ಚಳಿಗಾಲಕ್ಕೆ ಒಳನಾಡಿನ ಲೈಕೆನ್ ನೆಲ, ಬೇಸಿಗೆಗೆ ಕರಾವಳಿ ಇಲ್ಲವೇ ಬೆಟ್ಟ. ಬೇಸಿಗೆಯಲ್ಲಿ ಲೈಕೆನ್ ನೆಲದಿಂದ ಮಂದೆಯನ್ನು ದೂರವಿಡುವುದು ಮುಖ್ಯ, ಏಕೆಂದರೆ ಒಣಗಿದ ಹಾಸಿಗೆ ಬಾಯಿಗಿಂತ ಗೊರಸೇ ದೊಡ್ಡ ಶತ್ರು. ನಾರ್ವೆ-ಫಿನ್ಲೆಂಡ್ ಗಡಿಯಲ್ಲಿ 1950ರ ದಶಕದಲ್ಲಿ ಹಾಕಿದ ಬೇಲಿಯೊಂದಿದೆ. ನಾರ್ವೆಯ ಕಡೆಯ ನೆಲದಲ್ಲಿ ಮಂದೆ ಚಳಿಗಾಲದಲ್ಲಿ ಮಾತ್ರ ಮೇಯುತ್ತದೆ, ಫಿನ್ಲೆಂಡಿನ ಕಡೆ ಬೇಸಿಗೆಯಲ್ಲೂ ಓಡಾಡುತ್ತದೆ. ಒಂದು ಕಡೆ ತೆಳುಬಿಳಿ, ಇನ್ನೊಂದು ಕಡೆ ಕಂದು. ಆ ಗೆರೆ ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಎರಡು ದೇಶಗಳ ಖಾತೆ ಪುಸ್ತಕವನ್ನು ಆಕಾಶದಿಂದ ಆಡಿಟ್ ಮಾಡಬಹುದಾದ ಜಾಗ ಇನ್ನೆಲ್ಲಿದೆಯೋ ಕಾಣೆ.

ಆಕಾಶದ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವವನಿಗೆ ಬೇಡ ಎನ್ನಲು ಬಾರದು. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಗಾಳಿ ಉತ್ತರಕ್ಕೆ ಬೀಸಿತು. ಸ್ವೀಡನ್, ನಾರ್ವೆಯ ಕೆಲವು ಕಡೆ ಅದೇ ಹೊತ್ತಿಗೆ ಮಳೆಯೂ ಬಂತು. ಆ ಮಳೆಯಲ್ಲಿದ್ದ ವಿಕಿರಣಶೀಲ ಸೀಸಿಯಂ-137 ಲೈಕೆನ್ನಿಗೆ, ಅಲ್ಲಿಂದ ಹಿಮಸಾರಂಗಕ್ಕೆ, ಅದರ ಮಾಂಸಕ್ಕೆ ಸೇರಿತು. ಸ್ವೀಡನ್ನಿನಲ್ಲಿ ಸಾವಿರಾರು ಪ್ರಾಣಿಗಳ ಮಾಂಸವನ್ನು ಎಸೆಯಬೇಕಾಯಿತು. ಅಲ್ಲಿ ಕಿಲೋಗೆ 300 ಬೆಕೆರೆಲ್ ಇದ್ದ ಮಿತಿಯನ್ನು 1987ರಲ್ಲಿ ಹಿಮಸಾರಂಗದ ಮಾಂಸಕ್ಕೆ 1,500ಕ್ಕೆ ಏರಿಸಿದರು; ನಾರ್ವೆ 6,000ಕ್ಕೆ ಏರಿಸಿತು. ಗಡಿ ದಾಟಿದ ಕೂಡಲೇ ಮನುಷ್ಯನ ದೇಹ ನಾಲ್ಕು ಪಟ್ಟು ಗಟ್ಟಿಯಾಗುತ್ತದೆಯೇ ಎಂದು ಕೇಳಬೇಡಿ. ಮಿತಿ ಏರಿಸದಿದ್ದರೆ ಸಾಮಿಗಳ ಕಸುಬೇ ಉಳಿಯುತ್ತಿರಲಿಲ್ಲ. ಕಡಿಯುವ ಮುಂಚೆ ಕೆಲವು ವಾರ ಬೇರೆ ಮೇವು ಹಾಕುವುದು, ಲೈಕೆನ್ ಮೇಯುವ ಕಾಲ ಬರುವ ಮೊದಲೇ ಕಡಿಯುವುದು, ಚಿತ್ರಕಾರರ ನೀಲಿ ಬಣ್ಣವಾದ ಪ್ರಷ್ಯನ್ ಬ್ಲೂವನ್ನು ನುಂಗಿಸಿ ಸೀಸಿಯಂ ಹೊರಹಾಕಿಸುವುದು, ಹೀಗೆ ನಾನಾ ಉಪಾಯ ಮಾಡಿದರು. ಸೀಸಿಯಂ ಅರ್ಧಕ್ಕಿಳಿಯಲು 30 ವರ್ಷ ಬೇಕು. ಸಾಲ ಮಾಡಿದವನೊಬ್ಬ, ಕಂತು ಕಟ್ಟುತ್ತಿರುವವನು ಇನ್ನೊಬ್ಬ.

ಈಗಿನ ಕಷ್ಟಗಳು ಸಿಡಿಯುವುದಿಲ್ಲ, ಸದ್ದಿಲ್ಲದೆ ಬರುತ್ತವೆ. ಮರದ ದಿಮ್ಮಿಗಾಗಿ ದಟ್ಟವಾಗಿ ಬೆಳೆಸಿದ ಕಾಡಿನಲ್ಲಿ ನೆಲಕ್ಕೆ ಬೆಳಕು ಬೀಳುವುದಿಲ್ಲ; ಸ್ವೀಡನ್ನಿನಲ್ಲಿ ಲೈಕೆನ್ ಹಾಸಿದ ಕಾಡುಗಳು ಅರವತ್ತು ವರ್ಷಗಳಲ್ಲಿ ಶೇ. 71ರಷ್ಟು ಕಡಿಮೆಯಾದವು ಎಂದು 2016ರ ಅಧ್ಯಯನವೊಂದು ಹೇಳಿತು. ಇದ್ದ ಕಡೆಯೂ ಕೈಗೆ ಸಿಕ್ಕೀತೆಂಬ ಭರವಸೆಯಿಲ್ಲ. ಚಳಿಗಾಲದ ನಡುವೆ ಮಳೆ ಬಂದು ಹಿಮದ ಮೇಲೆ ಹೆಪ್ಪುಗಟ್ಟಿದರೆ ಗೊರಸಿನಿಂದ ಒಡೆಯಲಾಗದ ಗಾಜಿನ ಹೊದಿಕೆಯಾಗುತ್ತದೆ. ಸೈಬೀರಿಯಾದ ಯಮಾಲ್‌ನಲ್ಲಿ 2013ರ ನವೆಂಬರಿನಲ್ಲಿ ಹಾಗಾಗಿ, ಆ ಚಳಿಗಾಲದಲ್ಲಿ 61,000 ಹಿಮಸಾರಂಗಗಳು ಹಸಿದು ಸತ್ತವು. ಮೇವು ಅವುಗಳ ಕಾಲ ಕೆಳಗೇ ಇತ್ತು.

ಈ ಲೈಕೆನ್ ಸಾಲದ ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ವಾಪಸ್ ಬರುವಾಗ ವಿಮಾನದಲ್ಲಿ ಯೋಚಿಸಿದೆ. ಪಹಣಿ ಇಲ್ಲ, ಬೇರಿಲ್ಲ. ಅರ್ಜಿದಾರ ಒಬ್ಬನೋ ಇಬ್ಬರೋ ಮೂವರೋ, ಅದೂ ಇತ್ಯರ್ಥವಾಗಿಲ್ಲ. ವಾರ್ಷಿಕ ಆದಾಯ ಅರ್ಧ ಸೆಂಟಿಮೀಟರ್, ಅದೂ ಮಳೆ ಬಂದರೆ. ಕೆಲಸದ ವೇಳೆಯಲ್ಲಿ ಬಹುಪಾಲು ನಿದ್ದೆ. ನಿಯಮದ ಪ್ರಕಾರ ಅರ್ಜಿ ತಿರಸ್ಕೃತ. ಅದೇ ಸೇಂಟ್ ಮ್ಯಾಥ್ಯೂವಿನ ಹಿಮಸಾರಂಗಗಳು ಬಂದಿದ್ದರೆ? 19 ವರ್ಷಗಳಲ್ಲಿ ಇನ್ನೂರು ಪಟ್ಟು ವೃದ್ಧಿ! ಕೂತಲ್ಲೇ ಮಂಜೂರು ಮಾಡಿ, ಮೇಲಿನ ಕಚೇರಿಯಿಂದ ಪ್ರಶಂಸಾಪತ್ರವನ್ನೂ ಪಡೆಯುತ್ತಿದ್ದೆ. ಸಾಲ ಸುಸ್ತಿಯಾಗುವ ಹೊತ್ತಿಗೆ ನನಗೆ ಬೇರೆ ಶಾಖೆಗೆ ವರ್ಗವಾಗಿರುತ್ತಿತ್ತು.